ನಿನ್ನ ಜೇಬಿನಲ್ಲಿರುವ ತಾರೀಖು

ಕಾನ್‌ಸ್ಟಂಟೀನ್,
ಗುರುವಾರ, ಏಪ್ರಿಲ್ ಹತ್ತು

ತಮ್ಮ ಲಖ್ದರನಿಗೆ,

ಹೊಟ್ಟೆಹುಣ್ಣು ಹೇಗಿದೆ? ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗುತ್ತಿದ್ದೀಯೋ, ಇಲ್ಲ ಎಂದಿನಂತೆ ಖಾಲಿ ಹೊಟ್ಟೆಗೆ ನಾಲ್ಕು ಲೋಟ ಕಾಫಿ ಸುರಿದುಕೊಂಡು ಆಮೇಲೆ ಒದ್ದಾಡುತ್ತಿದ್ದೀಯೋ? ಪ್ರೀತಿಯಿಂದ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ, ಇದು ಬರೀ ಅಭ್ಯಾಸ. ಉಣ್ಣಿಸಿ ಬೆಳೆಸಿದ ಕೈಗೆ ಸಿಟ್ಟು ಬಂದಾಗಲೂ ಮೊದಲು ನೆನಪಾಗುವುದು ಹೊಟ್ಟೆಯೇ. ನನ್ನ ಮಂಡಿನೋವು ಹಾಗೇ ಇದೆ. ನೀನು ಕೇಳುವವನಲ್ಲ, ಅದಕ್ಕೆ ನಾನೇ ಹೇಳಿದೆ. ಈ ಕಾಗದವನ್ನು ಚಿಕ್ಕಪ್ಪನ ಮಗಳು ಹಸೀಬಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಅವಳು ಅಲ್ಜಿಯರ್ಸಿಗೆ ಹೊರಟಿದ್ದಾಳೆ, ನಿನ್ನ ಕೈಗೇ ಕೊಡಬೇಕೆಂದು ಆಣೆ ಹಾಕಿಸಿಕೊಂಡಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಅಕ್ಕಾ, ಒಂದ್ನಿಮಿಷ" ಅನ್ನುತ್ತೀಯ, ಆ ನಿಮಿಷ ಮೂವತ್ತು ವರ್ಷವಾದರೂ ಮುಗಿದಿಲ್ಲ.

ಮಂಗಳವಾರ ನೀನು ಕಳಿಸಿದ ಮೆಸೇಜನ್ನು ಕನ್ನಡಕ ಒರೆಸಿಕೊಂಡು ಐದು ಸಲ ಓದಿದೆ. "ಅಕ್ಕಾ, ಅದು ಇಲಾಖೆ ಕಾಗದ. ಮನೆ ಹೆಂಗಸರು ಇದ್ರಲ್ಲಿ ತಲೆ ಹಾಕ್ಬೇಡಿ." ಇಷ್ಟೇ. ಹಾಗಾದರೆ ಕಳೆದ ಶುಕ್ರವಾರ ನನ್ನ ನಡುಮನೆಯಲ್ಲಿ, ಇಪ್ಪತ್ತೆರಡು ಜನರ ಎದುರಿಗೆ, ಆಕ್ರೋಟಿನ ಮಿಠಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನೀನು ಬಿಚ್ಚಿ ಹಿಡಿದದ್ದು ಯಾವ ಕಾಗದ? ಆವತ್ತು ಅದು ಇಲಾಖೆಯದ್ದಾಗಿರಲಿಲ್ಲವೇ? ಒಬ್ಬ ಮನುಷ್ಯನ ಮಾನ ಕಳೆಯಲು ಹೊರಗೆ ಬರಬಹುದಾದ ಕಾಗದ, ಅದೇ ಮನೆಯವರು ಕೇಳಿದಾಗ ಗುಟ್ಟಾಗಿಬಿಡುತ್ತದೆಯೇ? ನೀನು ವರದಿಗಳನ್ನು ಬಿಟ್ಟರೆ ಬೇರೇನನ್ನೂ ಕೊನೆಯತನಕ ಓದುವವನಲ್ಲ. ಆದ್ದರಿಂದ ನಡೆದದ್ದನ್ನೆಲ್ಲ ಕ್ರಮವಾಗಿಯೇ ಬರೆಯುತ್ತೇನೆ. ನೀನೂ ಅಲ್ಲಿದ್ದೆ, ನಿಜ. ಆದರೆ ನೀನು ಏನನ್ನು ನೋಡಿದೆಯೋ ನನಗೆ ಗೊತ್ತಿಲ್ಲ.

ತಾಯಿ ನಾದ್ಯಾ ತೀರಿಕೊಂಡ ಮೇಲೆ ಆರು ವರ್ಷದಿಂದ ನಿನ್ನ ಮಗಳು ನನ್ನ ಜೊತೆಗಿದ್ದಾಳೆ. ಇಕ್ರಾಮ್ ಈಗ ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೆ ಇಪ್ಪತ್ತಾರು. ಅವಳ ವಯಸ್ಸನ್ನು ಬರೆದದ್ದು ಬೇಕೆಂದೇ. ಹೋದ ವರ್ಷ ನೀನು ಟಿವಿಯವನಿಗೆ "ನನ್ನ ಮಗಳಿಗೆ ಇಪ್ಪತ್ಮೂರು" ಅಂದಿದ್ದೆ. ಅವಳು ಮೆಚ್ಚಿದ ಹುಡುಗ ಶಾಕಿರ್ ಕಣಿವೆಯ ಮೇಲಿನ ರೋಪ್‌ವೇಯಲ್ಲಿ ಮೆಕ್ಯಾನಿಕ್. ತಿಂಗಳಿಗೊಮ್ಮೆ ತನ್ನ ಅಜ್ಜಿಯನ್ನು ರಕ್ತ ಪರೀಕ್ಷೆಗೆ ಕರೆತರುತ್ತಿದ್ದವನು ವಾರಕ್ಕೊಮ್ಮೆ ಕರೆತರತೊಡಗಿದ. "ಅತ್ತೆ, ಆ ಮುದುಕಿ ಮೈಯಲ್ಲಿ ಅಷ್ಟು ರಕ್ತ ಎಲ್ಲಿಂದ ಬರ್ಬೇಕು ಹೇಳು" ಎಂದು ಇವಳು ನಗುತ್ತಿದ್ದಳು. ತಾಯಿ ಸತ್ತ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಚಳಿಗಾಲದಲ್ಲಿ ನಿನಗೆ ಫೋನು ಮಾಡಿ ಹುಡುಗನ ವಿಷಯ ಹೇಳಿದೆ. "ಸರಿ, ವಿಚಾರಿಸ್ತೀನಿ" ಅಂದೆ. ಹೆಣ್ಣು ಹೆತ್ತವರೆಲ್ಲ ವಿಚಾರಿಸುತ್ತಾರೆ, ನಾಲ್ಕು ಜನರನ್ನು ಕೇಳುತ್ತಾರೆ, ನೀನೂ ಹಾಗೇ ಎಂದುಕೊಂಡೆ. ಎಂಥ ಪೆದ್ದಿ ನಾನು.

ಶುಕ್ರವಾರದ ನಿಶ್ಚಿತಾರ್ಥಕ್ಕೆ ಮೂರು ಗಂಟೆಗೆ ಬರಬೇಕಿದ್ದವನು ನೀನು ಬಂದದ್ದು ನಾಲ್ಕೂವರೆಗೆ. ನಿನ್ನ ಇಬ್ಬರು ಪೊಲೀಸರು ಮೆಟ್ಟಿಲ ಬಳಿ ನಿಂತರು, ಮಿಠಾಯಿ ಕೊಟ್ಟರೂ ಮುಟ್ಟಲಿಲ್ಲ. ನೀನು ಒಳಗೆ ಬಂದವನೇ ಮೊದಲು ಕಿಟಕಿಗಳನ್ನು ನೋಡಿದೆ, ಆಮೇಲೆ ಜನರ ಕೈಗಳನ್ನು ನೋಡಿದೆ. ಮಗಳ ಮುಖ ನೋಡಲಿಲ್ಲ. ಅವಳು ಮೈಮೇಲೆ ತೊಟ್ಟಿದ್ದ ಮಖಮಲ್ ನಿಲುವಂಗಿಯ ಜರಿ ಕಸೂತಿಗೆ ನಾನು ಎರಡು ವರ್ಷ ಕಣ್ಣು ಕಳೆದುಕೊಂಡಿದ್ದೆ. ಚೆನ್ನಾಗಿದೆ ಎಂದು ನೀನು ಹೇಳಬೇಕಿರಲಿಲ್ಲ, ಒಮ್ಮೆ ನೋಡಿದ್ದರೆ ಸಾಕಿತ್ತು. ನೇರವಾಗಿ ಹೋಗಿ ಹುಡುಗನ ತಂದೆ ಅಮ್ಮಾರ್ ಅವರ ಎದುರು ಕುರ್ಚಿ ಎಳೆದುಕೊಂಡು ಕೂತೆ. ಮೂವತ್ತಾರು ವರ್ಷ ಈ ಊರಿನ ಮನೆಮನೆಗೆ ಅಂಚೆ ಹಂಚಿದ ಮನುಷ್ಯ ಅವರು. ಹಬ್ಬಕ್ಕೆ ಹೊಲಿಸಿದ ಹೊಸ ಕೋಟು ಹಾಕಿಕೊಂಡು, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಬೀಗರ ಮಾತಿಗೆ ಕಾಯುತ್ತಿದ್ದರು.

ನೀನು ಕೇಳಿದ ಮೊದಲ ಮಾತು, "ನಿಮ್ಮ ತಮ್ಮ ಮೂಲೂದ್ ಎಲ್ಲಿದಾನೆ?"

ಅವರ ಮುಖ ಬಿಳಿಚಿತು. "ನಾವೂ ಅದನ್ನೇ ಕೇಳ್ತಾ ಇದೀವಿ ಸಾಹೇಬ್ರೇ. ಮೂವತ್ತು ವರ್ಷ ಆಯ್ತು."

ಆಗ ನೀನು ಕೋಟಿನೊಳಗಿನಿಂದ ಆ ಹಾಳೆ ತೆಗೆದು ಬಿಚ್ಚಿದೆ. "ನಾಟಕ ಬೇಡ. ಗುಡ್ಡ ಹತ್ತಿ ಕೊಲೆಗಡುಕರ ಜೊತೆ ಸೇರ್ಕೊಂಡವನು ನಿಮ್ಮ ತಮ್ಮ. ಯಾವಾಗ ಹಿಡಿದ್ರು, ಯಾವ ದಿನ ಸತ್ತ, ಎಲ್ಲಿ ಸತ್ತ, ಎಲ್ಲಾ ಇದ್ರಲ್ಲಿದೆ. ಇಂಥ ಮನೆಗೆ ನನ್ನ ಮಗಳನ್ನ ಕಳಿಸ್ತೀನಿ ಅಂದ್ಕೊಂಡ್ರಾ?" ಎಂದು ಹಾಳೆಯನ್ನು ಬೆರಳಿನಿಂದ ತಟ್ಟಿ, ಮಡಚಿ, ಮತ್ತೆ ಜೇಬಿಗೆ ಹಾಕಿಕೊಂಡೆ.

ನಾನು ಕಾಫಿಯ ಹೂಜಿ ಹಿಡಿದು ನಿಂತವಳು ನಿಂತೇ ಇದ್ದೆ. ನಿನ್ನ ಕೆನ್ನೆಗೆ ಬಾರಿಸಬೇಕಿತ್ತು, ಬಾರಿಸಲಿಲ್ಲ. ಅದನ್ನೂ ವರದಿಯಲ್ಲಿ ಸೇರಿಸಿಕೋ. ಅಮ್ಮಾರ್ ನಿಧಾನಕ್ಕೆ ಎದ್ದು ಹೆಂಡತಿಗೆ, "ಏಳು, ಹೋಗೋಣ. ತಂದಿದ್ದೆಲ್ಲ ಇಲ್ಲೇ ಇರ್ಲಿ. ವಾಪಸ್ ಹೊತ್ಕೊಂಡು ಹೋದ್ರೆ ಹುಡುಗಿಗೆ ಒಳ್ಳೇದಲ್ಲ" ಅಂದರು. ಅಷ್ಟು ಅವಮಾನದಲ್ಲೂ ಅವರಿಗೆ ನಿನ್ನ ಮಗಳ ಚಿಂತೆ. ನಿನಗೆ? ನೀನು ಅವಳ ಕಡೆ ತಿರುಗಿ, "ನಿನ್ನ ಒಳ್ಳೇದಕ್ಕೇ ಮಾಡಿದ್ದು. ಮುಂದೆ ಗೊತ್ತಾಗತ್ತೆ" ಅಂದೆ. ಅವಳು ಅಳಲಿಲ್ಲ. "ನೀವು ನನ್ನನ್ನ ಯಾರ ಕೈಯಿಂದ ಬಿಡಿಸಿದ್ರಿ ಅಪ್ಪಾ?" ಎಂದು ಕೇಳಿದಳು. ನಿನ್ನ ಫೋನು ಹೊಡೆದುಕೊಂಡಿತು. ನೀನು ಹೊರಟುಹೋದೆ. ಆ ಪ್ರಶ್ನೆಗೆ ಉತ್ತರ ಕೊಡದೆ ಹೋದೆ ಎಂಬುದಾದರೂ ನಿನಗೆ ಗೊತ್ತಿದೆಯೇ?

ಈಗ ನಮ್ಮ ಬೀದಿಯ ಬ್ರೆಡ್ಡಿನವನು ತನ್ನ ಅಂಗಡಿಯ ಗೋಡೆಯಿಂದ ನಿನ್ನ ಫೋಟೋ ತೆಗೆದಿದ್ದಾನೆ. ಫೆಬ್ರವರಿಯಲ್ಲಿ ಅವನೇ ಅದನ್ನು ಪೇಪರಿನಿಂದ ಕತ್ತರಿಸಿ ಅಂಟಿಸಿದ್ದ. ಆವತ್ತು ಇಡೀ ದೇಶವೇ ಟಿವಿ ಮುಂದೆ ಕೂತಿತ್ತಲ್ಲ. ಮೇಲ್ಸೇತುವೆಯ ಮೇಲೆ ಶಾಲೆಯ ಮಿನಿ ಬಸ್ಸು, ಒಳಗೆ ಹನ್ನೊಂದು ಮಕ್ಕಳು, ಪೆಟ್ರೋಲ್ ಡಬ್ಬಿ ಹಿಡಿದ ಒಬ್ಬ ತಲೆಕೆಟ್ಟವನು. ನೀನು ಬೆಲ್ಟು ಬಿಚ್ಚಿ, ಪಿಸ್ತೂಲು ಕೆಳಗಿಟ್ಟು, ಒಬ್ಬನೇ ನಡೆದು ಹೋಗಿ ಕಿಟಕಿಯ ಪಕ್ಕ ನಿಂತೆ. ಆರು ಗಂಟೆ ನಿಂತೆ. ಮಳೆ ಬಂತು, ಆದರೂ ನಿಂತೆ. ಯಾರದೋ ಮೈಕು ನಿನ್ನ ಮಾತು ಹಿಡಿದು ಕೇಳಿಸಿತು. "ನನ್ಗೇನೂ ಅವಸರ ಇಲ್ಲಪ್ಪಾ. ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ? ನಿಮ್ಮಮ್ಮನ ಹೆಸರೇನು? ಹೇಳು, ನಾನು ಕೇಳ್ತೀನಿ." ಕೊನೆಗೆ ಅವನು ಡಬ್ಬಿ ಕೆಳಗಿಟ್ಟು ನಿನ್ನ ಹೆಗಲ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತ, ನೀನು ಅವನ ಬೆನ್ನು ಸವರಿದೆ. ನಮ್ಮ ಓಣಿಯ ಹೆಂಗಸರೆಲ್ಲ ನಾಲಗೆ ಹೊರಳಿಸಿ ಹಬ್ಬದ ಕೂಗು ಹಾಕಿ ಸಂಭ್ರಮಿಸಿದರು. ನನಗೂ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಇಕ್ರಾಮ್ ಟಿವಿಯ ಮುಂದಿನಿಂದ ಎದ್ದು ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ನಲ್ಲಿ ಬಿಟ್ಟುಕೊಂಡು ಬರಿದೇ ನಿಂತಿದ್ದಳು. "ಅತ್ತೆ, ಅಪ್ಪಂಗೆ ಹೀಗೆ ಮಾತಾಡೋಕ್ಕೆ ಬರತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದಳು. ಅಷ್ಟೇ ಅಂದದ್ದು.

ನಾದ್ಯಾ ಕೂಡ ಒಮ್ಮೆ ಹೀಗೇ ಅಂದಿದ್ದಳು. ಕಾಯಿಲೆ ಬೀಳುವ ಮೊದಲು ಒಂದು ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದಿದ್ದಳು. ಅಂಗಳದಲ್ಲಿ ಕೂತು ಮೆಣಸಿನಕಾಯಿ ಬಿಡಿಸುತ್ತಾ, "ತಾವೂಸಕ್ಕಾ, ನಿಮ್ಮ ತಮ್ಮ ನಂಜೊತೆ ಸಂಸಾರ ಮಾಡ್ತಿಲ್ಲ, ನನ್ನ ಕಾವಲು ಕಾಯ್ತಿದಾರೆ" ಅಂದಳು. ನಾನು ನಿನ್ನ ಪರ ವಹಿಸಿಕೊಂಡು ಅವಳನ್ನೇ ಗದರಿಸಿದೆ. ಗಂಡ ದೊಡ್ಡ ಕೆಲಸದಲ್ಲಿದ್ದಾನೆ, ಹೊಂದಿಕೊಂಡು ಹೋಗಬೇಕು ಎಂದು ಬುದ್ಧಿ ಹೇಳಿದೆ. ಅವಳ ಸಮಾಧಿಗೆ ಹೋದಾಗಲೆಲ್ಲ ಆ ಮಾತಿಗೆ ಕ್ಷಮೆ ಕೇಳುತ್ತೇನೆ. ನೀನು ಆ ಸಮಾಧಿಯ ದಾರಿಯನ್ನಾದರೂ ನೆನಪಿಟ್ಟುಕೊಂಡಿದ್ದೀಯಾ?

ನನ್ನ ಪಾಲಿನ ತಪ್ಪನ್ನೂ ಇಲ್ಲಿ ಬರೆದುಬಿಡುತ್ತೇನೆ. ಮೂವತ್ತು ವರ್ಷದ ಹಿಂದೆ, ದೇಶದೊಳಗೇ ಯುದ್ಧ ನಡೆಯುತ್ತಿದ್ದಾಗ, ಅಪ್ಪ ಜೀಜೆಲ್ ಊರಿನ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ ಕಾಲ. ಆ ಮಾರ್ಚಿನಲ್ಲಿ ಪೊಲೀಸ್ ಉಡುಪು ಹಾಕಿಕೊಂಡ ಗುಡ್ಡದ ಕೊಲೆಗಡುಕರು ದಾರಿಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿದರು, ಅಪ್ಪನ ಹೆಣ ಬಂತು. ನೀನು ಕಾನೂನು ಓದುತ್ತಿದ್ದ ಹುಡುಗ, ಇಪ್ಪತ್ತನಾಲ್ಕು ವರ್ಷ. ಬಾಗಿಲಿಗೆ ಬಂದು ಗೋಡೆ ಹಿಡಿದುಕೊಂಡೆ, ಬಾಯಿ ತೆರೆಯಿತು, ಇನ್ನೇನು ಅಳಬೇಕು. ನಾನು ನಿನ್ನ ತೋಳು ಚಿವುಟಿ, "ಅಳ್ಬೇಡ, ಅಮ್ಮ ನೋಡ್ತಾಳೆ, ನೀನೇ ಈಗ ಮನೆ ಗಂಡಸು" ಅಂದೆ. ನೀನು ಬಾಯಿ ಮುಚ್ಚಿಕೊಂಡೆ. ಮೂರು ದಿನ ಬಾಗಿಲಲ್ಲಿ ನಿಂತು ಬಂದವರ ಮುಖಗಳನ್ನು ಒಂದೊಂದಾಗಿ ನೋಡಿದೆ, ಯಾರು ಕೊಂದವರ ಕಡೆಯವರಿರಬಹುದು ಎಂದು. ಮುಂದಿನ ತಿಂಗಳು ಪೊಲೀಸು ಸೇರಿದೆ. ನಿನ್ನ ಪದಕಗಳ ಲೆಕ್ಕ ನನಗೆ ತಪ್ಪಿದೆ, ನಿನ್ನ ಕೂದಲು ಬೆಳ್ಳಗಾಗಿದೆ, ಆದರೆ ಒಳಗಿನವನು ಆ ಬಾಗಿಲಿನಿಂದ ಒಂದು ಹೆಜ್ಜೆ ಕದಲಿಲ್ಲ. ಐವತ್ತನಾಲ್ಕು ವರ್ಷದ ಗಂಡಸಿನ ಹೆಗಲ ಮೇಲೆ ಕೂತು ಇಪ್ಪತ್ತನಾಲ್ಕರ ಹುಡುಗ ಸವಾರಿ ಮಾಡುತ್ತಿದ್ದಾನೆ. ಆ ಹುಡುಗನ ಬಗ್ಗೆ ನನಗೆ ಮರುಕವಿದೆ. ಹೊತ್ತು ತಿರುಗುವವನ ಬಗ್ಗೆ ಇಲ್ಲ. ಚಿವುಟಿದವಳು ನಾನು, ಸರಿ. ಮೂವತ್ತು ವರ್ಷ ಆ ಗಾಯಕ್ಕೆ ಉಪ್ಪು ಹಾಕಿ ಕಾಪಾಡಿಕೊಂಡವನು ನೀನು.

ಭಾನುವಾರ ಅಮ್ಮಾರ್ ಅವರ ಮನೆಗೆ ಹೋದೆ. ಬಾಗಿಲು ತೆರೆಯುತ್ತಾರೋ ಇಲ್ಲವೋ ಎಂದುಕೊಂಡೇ ತಟ್ಟಿದೆ. ಅವರೇ ತೆರೆದರು. ಕ್ಷಮಿಸಿ ಎನ್ನುವ ಮೊದಲೇ, "ಒಳಗೆ ಬನ್ನಿ, ಮೆಟ್ಲು ಹತ್ತಿ ದಣಿದಿದೀರ" ಅಂದರು. ಶಾಕಿರ್ ನೀರು ತಂದುಕೊಟ್ಟ, ತಲೆ ಎತ್ತಲಿಲ್ಲ. ಅಮ್ಮಾರ್ ಅವರೇ ಶುರುಮಾಡಿದರು. "ನಿಮ್ಮ ತಂದೆ ಬಸ್ಸಲ್ಲಿ ಅಂಚೆ ಚೀಲ ಹಾಕ್ಕೊಂಡು ಎಷ್ಟು ಸಲ ಹೋಗಿದೀನಿ ಗೊತ್ತಾ? ಡ್ರೈವರ್ ತಾಹರ್ ಅಂದ್ರೆ ಬಂಗಾರದಂಥ ಮನುಷ್ಯ. ಅವರ ಮಣ್ಣಿಗೆ ನಾನೂ ಮೂಲೂದೂ ಬಂದಿದ್ವಿ. ನಿಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ರು, ನಮ್ಮನ್ನ ದುರುಗುಟ್ಕೊಂಡು ನೋಡಿದ್ರು. ಮೂಲೂದ್ ಹೆಗಲು ಕೊಟ್ಟ. ಕೆಳಗಿನ ಸೇತುವೆ ತನಕ ಅವನೇ ಹೊತ್ತ."

ಲಖ್ದರ್, ನಮ್ಮ ಅಪ್ಪನಿಗೆ ಹೆಗಲು ಕೊಟ್ಟವನು ಅವನು. ಇದು ನಿನ್ನ ಹಾಳೆಯಲ್ಲಿದೆಯೇ?

ಮೂರು ತಿಂಗಳ ನಂತರ, ಜೂನಿನಲ್ಲಿ, ಮೂಲೂದ್ ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಯಾರೋ ಬಂದು ಎರಡು ಮಾತು ಕೇಳಬೇಕು ಎಂದು ಕರೆದೊಯ್ದರು. ಅರ್ಧ ಗಡ್ಡ ಬೋಳಿಸಿತ್ತಂತೆ. ಮತ್ತೆ ಬರಲಿಲ್ಲ. ಅವರ ತಾಯಿ ಯಮೀನಾ ಹೋಗದ ಕಚೇರಿಯಿಲ್ಲ. ಎಲ್ಲ ಕಡೆಯೂ ಒಂದೇ ಉತ್ತರ, ಆ ಹೆಸರಿನ ಕಾಗದವೇ ಇಲ್ಲ. ಈಗ ಎಂಬತ್ತೆಂಟು ವಯಸ್ಸು, ಶಾಕಿರ್ ವಾರವಾರ ಆಸ್ಪತ್ರೆಗೆ ಹೊತ್ತು ತರುತ್ತಿದ್ದದ್ದು ಆಕೆಯನ್ನೇ. ಒಳಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಶುಕ್ರವಾರ ನಡೆದದ್ದನ್ನೆಲ್ಲ ಅವರಿಗೆ ಹೇಳಿದ್ದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡು ಹತ್ತಿರಕ್ಕೆ ಎಳೆದುಕೊಂಡರು. "ಹಾಗಾದ್ರೆ ಕಾಗದ ಇದೆ ಅಂತಾಯ್ತು, ಅಲ್ವೇ ಮಗಳೇ?" ಎಂದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ನಂಬು. ಆಸೆಯಿತ್ತು. ಅದನ್ನು ನೋಡುವುದಕ್ಕಿಂತ ಒದೆಸಿಕೊಂಡು ಬರುವುದು ಮೇಲಾಗಿತ್ತು.

"ನಿನ್ನ ತಮ್ಮ ಹೇಳಿದ್ದು ನಿಜಾನೇ ಇರ್ಬೋದು, ನನ್ನ ಮಗ ಗುಡ್ಡ ಹತ್ತಿರ್ಬೋದು. ನಾನು ಹೆತ್ತವಳು, ನಂಗೆಲ್ಲಾ ಗೊತ್ತಿತ್ತು ಅನ್ನಲ್ಲ. ಕಳ್ಳನೋ ಕೊಲೆಗಾರನೋ, ಸತ್ತ ದಿನ ಅಂತ ಒಂದು ಇರತ್ತಲ್ಲವ್ವಾ. ಅದನ್ನ ಕೇಳು. ಯಾವ ದಿನ ಅಂತ ತಿಳೀದೆ ಶುಕ್ರವಾರ ಶುಕ್ರವಾರವೂ ಅವನ ಹೆಸ್ರಲ್ಲಿ ಕುಸ್‌ಕುಸ್ ಬೇಯಿಸಿ ಬಡವರಿಗೆ ಹಂಚ್ತಾ ಬಂದೆ. ಕೈಲಾಗಲ್ಲ ಈಗ. ಒಂದು ದಿನ ಅಂತ ಗೊತ್ತಾದ್ರೆ ವರ್ಷಕ್ಕೊಂದ್ಸಲ ಮಾಡಿ ಸುಮ್ನಾಗ್ತೀನಿ."

ಅದನ್ನೇ ಸೋಮವಾರ ನಿನಗೆ ಬರೆದು ಕಳಿಸಿದ್ದೆ. ಜಾಗವನ್ನೂ ಕೇಳಲಿಲ್ಲ, ಹೆಸರುಗಳನ್ನೂ ಕೇಳಲಿಲ್ಲ. ಒಂದು ತಾರೀಖು ಕೇಳಿದೆ. ಅದಕ್ಕೆ ನೀನು ಕೊಟ್ಟ ಉತ್ತರ ಮೇಲೆ ಬರೆದಿದ್ದೇನೆ. ಮಕ್ಕಳನ್ನು ಸುಡಲು ಬಂದವನ ತಾಯಿಯ ಹೆಸರು ಕೇಳುವಷ್ಟು ಪುರುಸೊತ್ತು ನಿನಗಿತ್ತು. ಈ ತಾಯಿಗೆ ಒಂದು ತಾರೀಖು ಹೇಳಲು ಇಲಾಖೆ ಅಡ್ಡ ಬಂತು. ಆ ಬಸ್ಸಿನ ಬಳಿ ನಿಂತಾಗ ಸಾವಿಗೆ ಹೆದರದ ನೀನು ಈಗ ಯಾವುದಕ್ಕೆ ಹೆದರುತ್ತಿದ್ದೀಯ ಎಂದು ನಾನು ಹೇಳಲೇ? ಆ ಮುದುಕಿ ಅತ್ತರೆ ನೀನು ನೋಡಬೇಕಾಗುತ್ತದೆ. ಅವಳ ಮಗನೂ ಒಬ್ಬ ಮಗನೇ ಎಂದು ಒಪ್ಪಿದರೆ, ನೀನು ಇಷ್ಟು ವರ್ಷ ಬಾಗಿಲಲ್ಲಿ ನಿಂತು ಕಾದದ್ದಕ್ಕೆ ಅರ್ಥವಿಲ್ಲದೆ ಹೋಗುತ್ತದೆ. ಬೆದರಿಸುವವರ ಎದುರು ಗಂಡಸಾಗುವುದು ಸುಲಭ, ಅದಕ್ಕೆ ನಿನಗೆ ಸಂಬಳ ಕೊಡುತ್ತಾರೆ. ಏನನ್ನೂ ಬೆದರಿಸದೆ ಬರೀ ಕೇಳುವವರ ಎದುರು ನಿನ್ನ ಕೈಲಾಗದು.

ಆದ್ದರಿಂದ ಕೇಳು. ಆ ತಾರೀಖು ಬರುವ ತನಕ ನನ್ನ ಮನೆಯ ಬಾಗಿಲು ನಿನಗೆ ಮುಚ್ಚಿದೆ. ಅಮ್ಮನ ಕೋಣೆಯಲ್ಲಿರುವ ನಿನ್ನ ಪದಕಗಳು, ಸಮವಸ್ತ್ರದ ಫೋಟೋ, ಎಲ್ಲವನ್ನೂ ಪೆಟ್ಟಿಗೆಗೆ ಹಾಕಿಟ್ಟಿದ್ದೇನೆ, ಯಾರನ್ನಾದರೂ ಕಳಿಸಿ ತರಿಸಿಕೋ. ನಾನು ಸತ್ತರೆ ಬಂದು ಬಾಗಿಲಲ್ಲಿ ನಿಲ್ಲುವುದು ಬೇಡ. ನಿನ್ನ ಜನರನ್ನು ಕಳಿಸಿ ನನ್ನನ್ನು ಹೆದರಿಸಬಹುದು ಎಂದುಕೊಂಡಿದ್ದರೆ, ಕಳಿಸು, ಈ ತಿಂಗಳು ಹೂನೀರು ಬಟ್ಟಿ ಇಳಿಸಲು ತಂದ ಕಿತ್ತಳೆ ಹೂವಿನ ರಾಶಿ ಅಂಗಳದ ತುಂಬ ಬಿದ್ದಿದೆ, ಬಂದವರನ್ನು ಕೂರಿಸಿ ಹೂ ಬಿಡಿಸುವ ಕೆಲಸಕ್ಕೆ ಹಚ್ಚುತ್ತೇನೆ.

ಹಸೀಬಾಳ ಕೈಯಲ್ಲಿ ನಿನ್ನ ಹೊಟ್ಟೆಗಾಗಿ ಒಣಗಿಸಿದ ಸೊಪ್ಪು ಕಳಿಸಿದ್ದೇನೆ, ಕುದಿಸಿ ಕುಡಿ. ದೇವರು ನಿನಗೆ ಆಯಸ್ಸು ಕೊಡಲಿ, ಅದರ ಜೊತೆ ನಾಚಿಕೆಯನ್ನೂ ಕೊಡಲಿ. ಇವತ್ತಿಗೆ ನನ್ನ ಆಶೀರ್ವಾದ ಇಷ್ಟೇ.

ನಿನ್ನ ಅಕ್ಕ,
ತಾವೂಸ್

ಬಿಟ್ಟ ಮಾತು: ಶುಕ್ರವಾರ ಬೆಳಿಗ್ಗೆ. ಹಸೀಬಾ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿನಗೆ ಹೇಳುವುದಿಲ್ಲವೆಂದು ಇಕ್ರಾಮಳಿಗೆ ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ಕಾಣೆಯಾದ ಮಕ್ಕಳ ಫೋಟೋ ಹಿಡಿದು ಬುಧವಾರ ಬುಧವಾರ ನಿನ್ನ ಕಚೇರಿಯ ಎದುರಿಗೆ ಮುದುಕಿಯರು ನಿಲ್ಲುತ್ತಾರಲ್ಲ, ಯಮೀನಾ ಕಾಲು ಹೋಗುವ ತನಕ ಅಲ್ಲಿ ನಿಲ್ಲುತ್ತಿದ್ದರಂತೆ. ಅವರ ಜಾಗದಲ್ಲಿ ಬರುವ ಬುಧವಾರದಿಂದ ಇಕ್ರಾಮ್ ನಿಲ್ಲುತ್ತಾಳೆ. ಮೂಲೂದನ ಫೋಟೋ ಅವಳ ಕೈಗೆ ಬಂದಿದೆ, ರಜೆ ಹಾಕಿದ್ದಾಳೆ, ಮಂಗಳವಾರದ ಬಸ್ಸಿಗೆ ಟಿಕೆಟ್ಟೂ ಆಗಿದೆ. ಶಾಕಿರ್ ಬೇಡವೆಂದ, ಅಮ್ಮಾರ್ ಬೇಡವೆಂದರು, ನಾನು ಕಾಲು ಹಿಡಿದೆ; ಕೇಳಲಿಲ್ಲ, ಹಟದಲ್ಲಿ ನಿನ್ನ ಮಗಳೇ. ಕೆಲವು ಬುಧವಾರ ನಿನ್ನವರು ಆ ಸಾಲನ್ನು ಲಾಠಿ ಬೀಸಿ ಚದುರಿಸುತ್ತಾರೆ ಎಂದು ಕೇಳಿದ್ದೇನೆ. ಅವಳು ಯಾರ ಮಗಳೆಂದು ಅಲ್ಲಿ ಯಾರಿಗೂ ತಿಳಿಯದು, ಯಾರಿಗೂ ಹೇಳುವುದಿಲ್ಲ ಎಂದಿದ್ದಾಳೆ. ಬೆಳಿಗ್ಗೆ ಹತ್ತು ಗಂಟೆಗೆ. ಬೇರೆ ಯಾರನ್ನೂ ಕಳಿಸಬೇಡ ಲಖ್ದರ್, ನೀನೇ ಇಳಿದು ಬಾ.